ಎರ್ನಾಳ ರೊಟ್ಟಿ

"ನೀನು ಬಂದು ತಿನ್ನದಿದ್ರೆ, ಅಕ್ಕಾ, ನಾನೇ ತಗೊಂಡ್ ಬಂದು ತಿನ್ನಿಸ್ತೀನಿ" ಎಂದು ಸಬೋಹತ್ ಮಾತು ಕೊಟ್ಟದ್ದು ಉಜ್ಬೆಕ್ ನಾಡಿನ ಮರ್ಗಿಲಾನ್ ಊರಿನ ತನ್ನ ಮನೆಯ ಬಾಗಿಲಲ್ಲಿ, ಎರ್ನಾ ಜರ್ಮನಿಗೆ ಹೊರಟ ಬೆಳಿಗ್ಗೆ.

ಸೋವಿಯತ್ ದೇಶ ಹರಿದು ಚೂರಾದ ವರ್ಷ ಅದು. ಯುದ್ಧಕಾಲದಲ್ಲಿ ಎರ್ನಾಳ ಹೆತ್ತವರನ್ನು ಜರ್ಮನ್ ಮೂಲದವರೆಂಬ ಕಾರಣಕ್ಕೆ ರೈಲಿಗೆ ತುಂಬಿ ಈ ಕಡೆಗೆ ತಂದು ಸುರಿದಿದ್ದರು. ಈಗ ಅವರ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು, ಕಣ್ಣಲ್ಲೂ ಕಂಡಿರದ ತಾಯ್ನಾಡಿಗೆ ಹೊರಟಿದ್ದರು. ರೇಷ್ಮೆ ಕಾರ್ಖಾನೆಯಲ್ಲಿ ಸಬೋಹತ್, ಎರ್ನಾ ಇಬ್ಬರದೂ ಅಕ್ಕಪಕ್ಕದ ಮಗ್ಗ. ಸಬೋಹತ್‌ಗೆ ಚೊಚ್ಚಲ ಹೆರಿಗೆಯಲ್ಲಿ ಹಾಲು ಬಾರದೆ ಹೋದಾಗ ಆ ಕೂಸಿಗೆ ಮೊಲೆಯೂಡಿಸಿ ಬದುಕಿಸಿದವಳು ಎರ್ನಾ. ಅಂಥವಳನ್ನು ಸುಮ್ಮನೆ ಕಳಿಸುವುದುಂಟೆ? ತಂದೂರಿನಿಂದ ಆಗಷ್ಟೇ ತೆಗೆದ ದುಂಡು ರೊಟ್ಟಿಯನ್ನು ಸಬೋಹತ್ ಅವಳ ಬಾಯಿಗೆ ಹಿಡಿದಳು. ಎರ್ನಾ ಒಂದು ತುತ್ತು ಕಚ್ಚಿದಳು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದರು. ಅಲ್ಲಿನ ವಾಡಿಕೆಯಂತೆ, ಹೋದವರು ತಿರುಗಿ ಬಂದು ತಮ್ಮ ರೊಟ್ಟಿಯನ್ನು ತಾವೇ ತಿಂದು ಮುಗಿಸಬೇಕು. ಅಲ್ಲಿಯವರೆಗೆ ಅದು ಅವರ ದಾರಿ ಕಾಯುತ್ತದೆ.

"ಬರೋ ಬೇಸಿಗೇಲಿ ಬರ್ತೀನಿ ಬಿಡೇ" ಎಂದು ನಕ್ಕಿದ್ದಳು ಎರ್ನಾ. ಬೇಸಿಗೆಗಳು ಬಂದವು, ಹೋದವು. ಮಕ್ಕಳು, ಮದುವೆ, ಬಾಣಂತನ, ಗಂಡನ ಸಾವು ಎಂದು ಸಬೋಹತ್‌ಗೂ ಕೈ ಬಿಡುವಾಗಲಿಲ್ಲ. ರೊಟ್ಟಿ ಒಣಗಿ ಕಲ್ಲಾಯಿತು. ಕಚ್ಚಿದ ಜಾಗದಲ್ಲಿ ಹಲ್ಲಿನ ಗುರುತು ಮಾತ್ರ ಹಾಗೆಯೇ ಉಳಿದಿತ್ತು.

ಹೋದ ಚಳಿಗಾಲದಲ್ಲಿ ಎರ್ನಾಳ ಮಗಳು ಇರ್ಮಾ ಫೋನು ಮಾಡಿದಳು. ಅಮ್ಮನಿಗೆ ಲಕ್ವ ಹೊಡೆದಿದೆ. ಜರ್ಮನ್ ಭಾಷೆ ಪೂರ್ತಿ ಮರೆತಿದ್ದಾಳೆ. ಬರೀ ಉಜ್ಬೆಕ್‌ನಲ್ಲಿ, ನನ್ನ ರೊಟ್ಟಿ ಎಲ್ಲಿ, ಸಬೋ ತರ್ತೀನಿ ಅಂದಿದ್ಲಲ್ಲ ಎಂದು ಕೇಳುತ್ತಾಳೆ. ಬೇಸಿಗೆ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು.

ಇರ್ಮಾಳೇ ಕರೆಸಿಕೊಳ್ಳಲಿ ಎಂದರೆ ಅವಳು ಕಂಡವರ ಮನೆ ಒರೆಸಿ ಬದುಕುವವಳು. ಅತಿಥಿಗೆ ಜಾಮೀನು ನಿಲ್ಲುವಷ್ಟು ಸಂಬಳವಿಲ್ಲ ಎಂದುಬಿಟ್ಟರಂತೆ ಅಲ್ಲಿನ ಕಚೇರಿಯವರು. ಉಳಿದದ್ದು ಪ್ರವಾಸಿ ವೀಸಾ. ಅದಕ್ಕೆ ಬಜಾರಿನ ಮಗ್ಗುಲಲ್ಲಿ ಅಂಗಡಿ ಇಟ್ಟುಕೊಂಡ ಏಜೆಂಟ್ ಇಲ್ಹೋಮ್‌ನೇ ಗತಿ.

"ಚಿಕ್ಕಮ್ಮಾ, ಈಗ ನೀವು ಪ್ರವಾಸಿ" ಎಂದ ಇಲ್ಹೋಮ್. "ಪ್ರವಾಸಿಗೆ ಅಕ್ಕ ಇರಲ್ಲ, ಲಕ್ವ ಇರಲ್ಲ. ಹೇಳಿ, ಏನು ನೋಡೋಕೆ ಹೋಗ್ತಿದೀರಿ?"

"ಎರ್ನಾನ್ನ."

"ಅಯ್ಯೋ! ಚರ್ಚು ಚಿಕ್ಕಮ್ಮಾ, ಚರ್ಚು! ಕೊಲೋನ್ ಊರಿನ ದೊಡ್ಡ ಚರ್ಚು."

"ಐದು ಹೊತ್ತು ನಮಾಜು ಮಾಡೋ ಮುದುಕಿ ಚರ್ಚು ನೋಡೋಕೆ ಅಷ್ಟು ದೂರ ಹೋಗ್ತಾಳೆ ಅಂದ್ರೆ ಯಾರಪ್ಪಾ ನಂಬ್ತಾರೆ?"

"ಅದನ್ನೇ ನಂಬೋದು ಅವ್ರು. ಕಾಯಿಲೆಯವ್ರ ಹತ್ರ ಹೋಗ್ತೀನಿ ಅಂದ್ರೆ, ಇವ್ಳು ಅಲ್ಲೇ ಚಾಕರಿಗೆ ಉಳ್ಕೋತಾಳೆ ಅಂತ ಲೆಕ್ಕ ಹಾಕ್ತಾರೆ. ನಿಜ ಒಂದು ಬಿಟ್ಟು ಬೇರೆ ಏನಾದ್ರೂ ಹೇಳಿ."

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. ಸೊಸೆ ಓಯ್ದಿನ್ ಹಿಟ್ಟು ನಾದುತ್ತ ಕೇಳುವಳು: "ಅತ್ತೆ, ಏನೇನು ನೋಡ್ತೀರಿ?"

"ಚರ್ಚು, ನದಿ, ಸೇತುವೆ."

"ಅಲ್ಲಿ ಗೊತ್ತಿರೋರು ಯಾರಾದ್ರೂ?"

"ಒಂದು ನರಪಿಳ್ಳೆ ಕೂಡ ಇಲ್ಲ."

"ಶಾಭಾಶ್. ಇಷ್ಟು ಸಲೀಸಾಗಿ ಸುಳ್ಳು ಬರತ್ತೆ ಅಂತ ಗೊತ್ತಿದ್ರೆ ನಿಮ್ಮನ್ನ ಯಾವತ್ತೂ ನಂಬ್ತಾ ಇರ್ಲಿಲ್ಲ!"

ಸಂದರ್ಶನಕ್ಕೆ ತಾಷ್ಕೆಂಟಿಗೆ ಹೊರಡುವ ದಿನ ಸಬೋಹತ್ ಮೊಳೆಯಿಂದ ರೊಟ್ಟಿ ಇಳಿಸಿದಳು.

"ಅದ್ಯಾಕೆ ಇವತ್ತೇ?" ಎಂದಳು ಓಯ್ದಿನ್. "ವೀಸಾ ಏನು ಸಮೋಸಾನಾ ಅತ್ತೆ, ಹೋದ ತಕ್ಷಣ ಬಿಸಿಬಿಸಿ ಕೈಗಿಡೋಕೆ?"

"ಪಯಣ ಅದರದ್ದು ಕಣೇ. ಅದೂ ಬರ್ಲಿ."

ವೀಸಾ ಕಚೇರಿಯ ಬಾಗಿಲಲ್ಲಿ ಕಾವಲಿನವನು ಚೀಲ ಬಿಚ್ಚಿಸಿದ. ಬಟ್ಟೆ ಸರಿಸಿದವನೇ, ಕಚ್ಚಿದ ಗುರುತು ಕಂಡು, ರೊಟ್ಟಿಯನ್ನು ತುಟಿಗೆ ಮುಟ್ಟಿಸಿ ಹಣೆಗೊತ್ತಿಕೊಂಡ.

"ಯಾರ್ದಮ್ಮಾ?"

"ನಮ್ಮಕ್ಕಂದು."

"ಚೀಲ ಒಳಗೆ ಬಿಡೋಹಾಗಿಲ್ಲ. ಖಾಲಿ ಇರೋದು ನೆಲದ ಪಕ್ಕದ ಗೂಡೊಂದೇ. ರೊಟ್ಟೀನ ಕಾಲ ಬುಡದಲ್ಲಿ ಇಟ್ಟ ಪಾಪ ನಂಗೆ ಬೇಡ. ಇದನ್ನ ಕೈಲೇ ಹಿಡ್ಕೊಂಡು ಹೋಗಿ."

ಒಳ್ಳೆಯ ಮನುಷ್ಯ. ಅವನು ಸ್ವಲ್ಪ ಕೆಟ್ಟವನಾಗಿದ್ದರೆ ಅಂದಿನ ಕೆಲಸ ಆಗಿಬಿಡುತ್ತಿತ್ತೋ ಏನೋ.

ಗಾಜಿನಾಚೆ ಕೂತ ಅಧಿಕಾರಿಗೆ ಅವಳ ಮಗನಷ್ಟೇ ವಯಸ್ಸು. ಪಕ್ಕದಲ್ಲಿ ಅವನ ಮಾತನ್ನು ಉಜ್ಬೆಕ್‌ಗೆ ತಿರುಗಿಸಿ ಹೇಳುವ ಹುಡುಗಿ. ಸಬೋಹತ್ ರೊಟ್ಟಿಯನ್ನು ಬೋರಲಾಗದಂತೆ ನೋಡಿಕೊಂಡು ಕಟ್ಟೆಯ ಮೇಲಿಟ್ಟು ಕಾಗದಗಳನ್ನು ಒಳಗೆ ತಳ್ಳಿದಳು. ಹೆಸರು ಕೇಳಿದ, ಹೇಳಿದಳು. ಹುಟ್ಟಿದ ಊರು ಕೇಳಿದ, ಹೇಳಿದಳು.

"ಜರ್ಮನಿಯಲ್ಲಿ ಏನು ನೋಡೋಕೆ ಹೋಗ್ತಿದೀರಿ ಅಂತ ಕೇಳ್ತಿದಾರೆ."

ಚರ್ಚು ನಾಲಗೆಯ ತುದಿಗೆ ಬಂದಿತ್ತು. ಕಣ್ಣು ರೊಟ್ಟಿಯ ಮೇಲೆ ಬಿತ್ತು. ಅವಳೂರಿನಲ್ಲಿ ಆಣೆ ಇಡುವುದೇ ರೊಟ್ಟಿಯ ಮೇಲೆ, ಸುಳ್ಳಾದರೆ ರೊಟ್ಟಿ ನನ್ನನ್ನು ಹೊಡೆಯಲಿ ಎಂದು. ಅದರ ಎದುರು ಹುಸಿಯಾಡಿದ ಬಾಯಿಗೆ ಅನ್ನ ಹತ್ತೀತೇ? ಅದೂ ಬೇರೆ ಯಾರದೋ ರೊಟ್ಟಿಯಲ್ಲ, ಎರ್ನಾಳದು.

ಹುಡುಗಿಗೆ ಅರ್ಥವಾಯಿತು. ಅವಳೂ ಇದೇ ಮಣ್ಣಿನವಳಲ್ಲವೇ. "ಅಮ್ಮಾ, ಅದನ್ನ ಮಡಿಲಿಗೆ ತಗೊಳ್ಳಿ. ಮೇಲೆ ಶಾಲು ಮುಚ್ಕೊಳ್ಳಿ" ಎಂದಳು ಮೆಲ್ಲಗೆ.

ಸಬೋಹತ್ ಕೈ ಚಾಚಿದಳು. ಸುಳ್ಳು ಹೇಳುವುದಕ್ಕೆಂದೇ ರೊಟ್ಟಿಯನ್ನು ಮುಚ್ಚಿಡುವುದೆಂದರೆ ಅದು ಇನ್ನೂ ದೊಡ್ಡ ಪಾಪವಲ್ಲವೇ? ಬೆರಳು ಅಲ್ಲೇ ನಿಂತಿತು.

"ಬೇಡ ಮಗಳೇ. ಹೇಳು ಅವನಿಗೆ. ಅಲ್ಲಿ ನನ್ನ ಅಕ್ಕ ಸಾಯ್ತಾ ಇದಾಳೆ. ಅವಳ ರೊಟ್ಟಿ ಅವಳಿಗೆ ತಿನ್ನಿಸ್ಬೇಕು. ಅಷ್ಟೇ ಕೆಲಸ."

ಹುಡುಗಿ ತಲೆ ತಗ್ಗಿಸಿ ಒಂದೊಂದೇ ಮಾತು ದಾಟಿಸಿದಳು. ಅಧಿಕಾರಿ ಅರ್ಜಿ ತಿರುವಿದ.

"ಇಲ್ಲಿ ಪ್ರವಾಸ ಅಂತ ಬರ್ದಿದೆಯಲ್ಲ ಅಂತಾರೆ."

"ಅದು ಸುಳ್ಳು, ಮಗನೇ" ಎಂದು ಸಬೋಹತ್ ನೇರ ಅವನಿಗೇ ಹೇಳಿದಳು.

"ವಾಪಸ್ ಬರೋದು ಖಂಡಿತಾನಾ?"

"ದೇವರ ಚಿತ್ತ." ನಾಳೆಯ ಮಾತಿಗೆ ಬೇರೆ ಉತ್ತರ ಅವಳ ಬಾಯಲ್ಲಿ ಎಂದೂ ಬಂದದ್ದಿಲ್ಲ.

ಅಧಿಕಾರಿ ಏನನ್ನೋ ಬರೆದುಕೊಂಡು, ರೊಟ್ಟಿಯನ್ನೊಮ್ಮೆ ನೋಡಿ, ಮುಂದಿನವರನ್ನು ಕರೆಯಲು ಹೇಳಿದ.

ಪಾಸ್‌ಪೋರ್ಟು ತಿರುಗಿ ಬಂತು. ಜೊತೆಗಿದ್ದ ಹಾಳೆಯಲ್ಲಿ, ಪಯಣದ ಉದ್ದೇಶ ನಂಬುವಂತಿಲ್ಲ ಎಂದಿತ್ತು.

"ಕೈಗೆ ಬಂದ ತುತ್ತು!" ಎಂದು ಇಲ್ಹೋಮ್ ಹಣೆ ಚಚ್ಚಿಕೊಂಡ. "ಚರ್ಚು ಅನ್ನೋಕೆ ಏನಾಗಿತ್ತು ಚಿಕ್ಕಮ್ಮಾ? ಹೋಗ್ಲಿ, ಇನ್ನೊಂದ್ಸಲ ಹಾಕೋಣ. ಆದ್ರೆ ನೀವೇ ಸುಳ್ಳು ಅಂತ ಒಪ್ಕೊಂಡಿದೀರಿ. ಅದು ಅವ್ರ ಕಂಪ್ಯೂಟರಲ್ಲಿ ಕೂತ್ಬಿಟ್ಟಿದೆ."

ಪಾರ್ಸೆಲ್ ಮಾಡಹೋದರೆ ಅಂಚೆಯವರು ತಿನ್ನುವ ಪದಾರ್ಥ ಬೇಡವೆಂದು ಹಿಂದಕ್ಕೆ ತಳ್ಳಿದರು. ಕೊನೆಗೆ ಇರ್ಮಾ ವಿಡಿಯೋ ಕರೆ ಮಾಡಿದಾಗ ಸಬೋಹತ್ ರೊಟ್ಟಿಯನ್ನು ಫೋನಿನ ಎದುರು ಹಿಡಿದಳು. ಎರ್ನಾಳ ಸೊಟ್ಟಬಾಯಿ ತೆರೆಯಿತು. ಅದು ತುತ್ತಿಗಾಗಿ ತೆರೆದ ಬಾಯಿ ಎಂದು ತಿಳಿಯುವುದಕ್ಕೆ ಸಬೋಹತ್‌ಗೆ ಒಂದು ಗಳಿಗೆ ಹಿಡಿಯಿತು. ಬಾಯಿ ಹಾಗೆಯೇ ತೆರೆದಿತ್ತು. ಇರ್ಮಾ ಕರೆ ಮುಗಿಸಿದಳು.

ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೆ ಎರ್ನಾ ತೀರಿಕೊಂಡಳು.

"ಅತ್ತೆ, ಇದನ್ನ ಪುಡಿ ಮಾಡಿ ಹಕ್ಕಿಗಳಿಗೆ ಹಾಕ್ಲಾ?" ಎಂದಳು ಓಯ್ದಿನ್.

"ಬೇಡ. ಇದ್ದಲ್ಲೇ ಇರ್ಲಿ."

ಓಯ್ದಿನ್ ರೊಟ್ಟಿಗೆ ಬೇರೆ ಬಟ್ಟೆ ಕಟ್ಟಿ ಮೊಳೆಗೆ ಹಾಕಿದಳು. ಎರ್ನಾ ಬಂದು ತಿನ್ನಲಿಲ್ಲ, ಸಬೋಹತ್ ಒಯ್ದು ತಿನ್ನಿಸಲಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.