ತಳದ ಕೊಬ್ಬರಿ

"ನಿಮ್ಮ ಸಿಬಿಲ್ ಚೆನ್ನಾಗಿದೆ," ಎಂದರು ಬೇಲೂರಿನ ಬ್ಯಾಂಕಿನ ಮ್ಯಾನೇಜರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ತುಂಬಾ ಚೆನ್ನಾಗಿದೆ. ಸಾಲಕ್ಕೇನೂ ತೊಂದರೆ ಇಲ್ಲ ಬಿಡಿ."

ಇಂದುಧರ ಕುರ್ಚಿಯ ತುದಿಗೆ ಸರಿದ. "ಸಿವಿಲ್ ಚೆನ್ನಾಗೈತಾ ಸಾರ್?"

"ಹೇಳಿದ್ನಲ್ರೀ. ಧೈರ್ಯವಾಗಿ ತಗೊಳ್ಳಿ. ಸೋಮವಾರ ಅಪ್ಪ ಮಗಳು ಇಬ್ಬರೂ ಬಂದು ಸಹಿ ಹಾಕಿ."

ಪಕ್ಕದಲ್ಲಿದ್ದ ಮಗಳು ಹೇಮಾಶ್ರೀ ತಟ್ಟನೆ ಅಪ್ಪನತ್ತ ತಿರುಗಿದಳು. ಮ್ಯಾನೇಜರು ಹೇಳಿದ್ದು, ಹಳೆಯ ಸಾಲಗಳನ್ನು ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ ಸಿಗುವ ಅಂಕದ ಮಾತು. ಅಪ್ಪನ ಕಿವಿಗೆ ಬಿದ್ದದ್ದು ಮಗಳು ಓದಬೇಕೆಂದು ಹಟ ಹಿಡಿದಿದ್ದ ಸಿವಿಲ್ ಇಂಜಿನಿಯರಿಂಗು. ಇರುವುದು ಒಂದೇ ಅಕ್ಷರದ ವ್ಯತ್ಯಾಸ. ತಿದ್ದುವ ಬದಲು ಅವಳು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸಿ ಫೈಲಿಗೆ ಸೇರಿಸಿದಳು.

ಸೀಟು ಸಿಕ್ಕ ದಿನದಿಂದ ಜಾವಗಲ್ಲಿನ ಮನೆಯಲ್ಲಿ ನಡೆದಿದ್ದು ಇದೊಂದೇ ಚರ್ಚೆ. ಇಂದುಧರ ಕೊಬ್ಬರಿ ವ್ಯಾಪಾರಿ, ಅಳೆಯದೆ ಸುರಿಯದೆ ಏನನ್ನೂ ಒಪ್ಪುವವನಲ್ಲ. "ಓದ್ಸಾದು ದೊಡ್ಡದಲ್ಲ ಕಣವ್ವ. ಓದಿದ ಮ್ಯಾಲೆ ಸಾಲ ತೀರ್ಸೋವಷ್ಟು ಸಂಬಳ ಬತ್ತದಾ? ಅದೊಂದ್ ಹೇಳು ಸಾಕು," ಎನ್ನುತ್ತಿದ್ದ. ಉತ್ತರ ಗೊತ್ತಿದ್ದರಿಂದಲೇ ಹೇಮಾಶ್ರೀ ಹೇಳಿರಲಿಲ್ಲ. ಅದೇ ಓದು ಮುಗಿಸಿ ಹಾಸನದ ಕಡೆ ರಸ್ತೆ ಕಾಮಗಾರಿಯಲ್ಲಿ ಕೆಲಸಕ್ಕೆ ಸೇರಿದ್ದ ತಮ್ಮೂರಿನ ಶರ್ಮಿಳಕ್ಕ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಸಂಬಳದಲ್ಲಿ ಅರ್ಧ ಸಾಲದ ಕಂತಿಗೆ ಹೋಗುತ್ತದೆ, ಉಳಿದರ್ಧ ರೂಮಿಗೆ, ಊಟಕ್ಕೆ. "ಮುಂದೆ ಏರುತ್ತೆ ಕಣೇ. ಅಲ್ಲೀವರೆಗೂ ಉಸಿರು ಬಿಗಿಹಿಡ್ಕೊಂಡಿರ್ಬೇಕು."

ಬೈಕು ಹಳೇಬೀಡಿನ ಹಾದಿ ಹಿಡಿದಾಗ ಇಂದುಧರನ ಉಮೇದು ಹೇಳತೀರದು. ಎದುರು ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿದ್ದರೂ ಬಿಡಲಿಲ್ಲ. "ದುಡ್ಡು ಕೊಡೋ ಬ್ಯಾಂಕಿನೋರೇ ಸಿವಿಲ್ ಚೆನ್ನಾಗೈತೆ ಅಂದ್ಮೇಲೆ ಇನ್ನೇನವ್ವ! ನಾನೇ ದಡ್ಡ, ಸುಮ್ಕೆ ನಿನ್ನ ಗೋಳು ಹುಯ್ಕೊಂಡೆ. ಅದ್ಸರಿ, ನೀನು ಅದ್ರಾಗೆ ಏನು ಕಂಡೆ?"

"ತೋರಿಸ್ತೀನಿ ಅಪ್ಪಾಜಿ. ಹುಲಿಕೆರೆಗೆ ತಿರುಗಿಸಿ."

ಕಾಯಿ ಕೊಳ್ಳಲೆಂದು ಆ ಊರಿಗೆ ಎಷ್ಟೋ ಸಲ ಬಂದಿದ್ದ ಇಂದುಧರ ಅಲ್ಲಿನ ಹಳೆಯ ಕಲ್ಲಿನ ಕಲ್ಯಾಣಿಯ ಕಡೆ ಒಮ್ಮೆಯೂ ತಲೆಹಾಕಿರಲಿಲ್ಲ. ಈಗ ದಂಡೆಗೆ ಬಂದವನು ಹಾಗೆಯೇ ನಿಂತುಬಿಟ್ಟ. ನಾಲ್ಕೂ ಕಡೆಯಿಂದ ಕಲ್ಲು ಹಂತ ಹಂತವಾಗಿ ಕೆಳಗಿಳಿದು ಹಸಿರು ನೀರಿನೊಳಗೆ ಮುಳುಗಿತ್ತು. ಗೋಡೆಯ ಉದ್ದಕ್ಕೂ ಒಬ್ಬರು ಕೂರುವಷ್ಟೇ ಪುಟ್ಟ ಗುಡಿಗಳು. ಮೇಲೆ ರಸ್ತೆಯಲ್ಲಿ ಟ್ರ್ಯಾಕ್ಟರು ಹೋದದ್ದು ಕೂಡ ಇಲ್ಲಿ ಎಲ್ಲೋ ದೂರದ ಸದ್ದಾಗಿ ಕೇಳಿತು.

"ಅಬ್ಬಬ್ಬಾ!" ಎಂದ. ಆಮೇಲೆ ಯಾಕೋ ದನಿ ತಗ್ಗಿಸಿ, "ಇದ್ನ ಮನುಷ್ಯರೇ ಕಟ್ಟಿದ್ದೇನವ್ವ?" ಎಂದು ಕೇಳಿದ.

"ಗಾರೆ ಇಲ್ಲ ಅಪ್ಪಾಜಿ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಒಂದರ ಭಾರ ಇನ್ನೊಂದನ್ನ ಹಿಡ್ಕೊಂಡಿದೆ."

ಒಂಬತ್ತನೇ ತರಗತಿಯಲ್ಲಿ ಶಾಲೆಯಿಂದ ಕರೆತಂದಾಗ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅವಳು ಇದೇ ಮೆಟ್ಟಿಲ ಮೇಲೆ ಅಂಗೈಯೂರಿ ಕೂತುಬಿಟ್ಟಿದ್ದಳು. ಬಸ್ಸು ಹೊರಡುವಾಗ ಮೇಷ್ಟ್ರು ಬಂದು ಎಬ್ಬಿಸಬೇಕಾಯಿತು. ಇವತ್ತು ಅಪ್ಪನ ಪಕ್ಕ ಅಲ್ಲೇ ಕೂತಾಗಲೂ ಅಂಗೈ ಕಲ್ಲಿಗೆ ತಗಲಿದೊಡನೆ ಮೈ ಜುಮ್ಮೆಂದಿತು. ಎಷ್ಟು ತಲೆಮಾರು ಇಳಿದು ಹತ್ತಿದ್ದರೂ ಕದಲದ ಮೆಟ್ಟಿಲು. ಇದರ ಮೇಲೆ ಕೂತು ಅಪ್ಪನಿಗೆ ಮೋಸ ಮಾಡುವುದು ಅವಳಿಂದಾಗಲಿಲ್ಲ.

ಅಂಗಡಿಯಲ್ಲಿ ಅಪ್ಪನದೊಂದು ಪದ್ಧತಿಯಿತ್ತು. ಗಿರಾಕಿ ಬೆಲೆ ಒಪ್ಪಿದ ಮೇಲೂ ಚೀಲದ ತಳಕ್ಕೆ ಕೈಹಾಕಿ, ಅಲ್ಲಿಂದ ಒಂದು ಕೊಬ್ಬರಿ ತೆಗೆದು, ಹಾಳಾಗಿದ್ದರೆ ಅದೂ ಕಾಣಲೆಂದು ಅವರ ಕಣ್ಣೆದುರೇ ಒಡೆದು ತೋರಿಸುತ್ತಿದ್ದ. ಅದರಿಂದ ಕೈತಪ್ಪಿದ ವ್ಯಾಪಾರಗಳಿದ್ದವು. ಅಮ್ಮ ಗೊಣಗಿದರೂ ಅವನು ಬಿಟ್ಟವನಲ್ಲ.

"ಅಪ್ಪಾಜಿ," ಎಂದಳು. "ಅವರು ಹೇಳಿದ್ದು ಸಿವಿಲ್ ಅಲ್ಲ, ಸಿಬಿಲ್. ನೀವು ಸಾಲ ಸರಿಯಾಗಿ ತೀರಿಸ್ತೀರಿ ಅಂತ ನಿಮಗೆ ಕೊಟ್ಟಿರೋ ಮಾರ್ಕು. ನನ್ನ ಓದಿನ ವಿಷಯ ಅವರು ಏನೂ ಹೇಳ್ಲಿಲ್ಲ." ನಿಲ್ಲಿಸಿದರೆ ಮುಂದೆ ಬಾಯಿ ಬಾರದೆಂದು ಶರ್ಮಿಳಕ್ಕ ಹೇಳಿದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅರ್ಧ ಸಂಬಳ, ಕಂತು, ಬಿಗಿಹಿಡಿದ ಉಸಿರು, ಎಲ್ಲವನ್ನೂ.

ಇಂದುಧರ ನೀರನ್ನೇ ನೋಡುತ್ತಿದ್ದ. "ಹಂಗಾರೆ ಆ ವಯ್ಯ ಚೆನ್ನಾಗೈತೆ ಅಂದಿದ್ದು ನನ್ನಾ?" ಎಂದ.

"ಹೂಂ."

ನಗು ಬಂತು ಅವನಿಗೆ, ಬಂದ ಹಾಗೆಯೇ ಇಂಗಿಯೂ ಹೋಯಿತು. "ಎಷ್ಟು ವರ್ಷ ಹಂಗೆ, ಅರ್ಧ ಸಂಬಳದಾಗೆ?"

"ನಾಕೈದು ವರ್ಷ ಅಂತಾಳೆ. ಆಮೇಲೆ... ನಂಗೂ ಸರಿಯಾಗಿ ಗೊತ್ತಿಲ್ಲ."

"ಅಟ್ಟಕ್ಕಾಕಿದ ಕಾಯೂ ಹಂಗೇ ಕಣವ್ವ. ವರ್ಷೊಪ್ಪತ್ತು ಸುಮ್ಕೆ ಬಿದ್ದಿರ್ತದೆ. ಒಳಗೆ ಕೊಬ್ಬರಿ ಆಯ್ತದೋ ಕೊಳೀತದೋ, ಹಾಕಿದೋನಿಗೂ ಗೊತ್ತಿರಾಕಿಲ್ಲ." ಅದು ಹೂಂ ಎಂದದ್ದೋ ಊಹೂಂ ಎಂದದ್ದೋ ಹೇಮಾಶ್ರೀಗೆ ತಿಳಿಯಲಿಲ್ಲ. ಕಣ್ಣಂಚಿಗೆ ಬಂದ ನೀರನ್ನು ಅವಳು ದುಪಟ್ಟಾದಿಂದ ಒತ್ತಿಕೊಂಡಳು.

ಅವನು ಎದ್ದು ಚಪ್ಪಲಿ ಕಳಚಿಟ್ಟ. ಒಂದೊಂದೇ ಮೆಟ್ಟಿಲು ಇಳಿದ, ಪ್ರತಿ ಮೆಟ್ಟಿಲ ಮೇಲೂ ಮೈಭಾರವನ್ನೆಲ್ಲ ಬಿಟ್ಟು, ಒಂದು ಗಳಿಗೆ ನಿಂತು. ನೀರಿನ ಅಂಚಿಗೆ ಬಂದಾಗ ತಿರುಗಿ ಮಗಳನ್ನು ನೋಡಿದ.

"ಸೋಮವಾರ ನಿಮ್ಮಮ್ಮನ್ನೂ ಕರ್ಕೊಂಡು ಬಸ್ಸಿಗೇ ಹೋಗಾಣ," ಎಂದ. "ಸಹಿ ಹಾಕಿ ಬತ್ತಾ ಅವಳೂ ಇದ್ನ ನೋಡ್ಲಿ."

ಆಮೇಲೆ ಬಗ್ಗಿ, ಅಟ್ಟದಿಂದಿಳಿಸಿದ ಕಾಯಿಯೊಳಗೆ ಕೊಬ್ಬರಿ ಆಗಿದೆಯೇ ಎಂದು ನೋಡುವ ಹಾಗೆ, ಬೆರಳ ಗೆಣ್ಣಿನಿಂದ ಕಲ್ಲನ್ನು ಮೆಲ್ಲಗೆ ತಟ್ಟಿ ಕಿವಿಗೊಟ್ಟ.