ಎರಡು ಬೆರಳು ಬಿಟ್ಟು

ಉದ್ಯಾನದ ಮೇಸ್ತ್ರಿಗೆ ಮೊಬೈಲ್ ಕಂಡರೆ ಆಗುತ್ತಿರಲಿಲ್ಲ. ಗೆದ್ದಲು ಕಂಡರೆ ಎಷ್ಟು ಸಿಟ್ಟೋ ಅಷ್ಟೇ ಸಿಟ್ಟು. ಅದಕ್ಕೆ ಕಾರಣಗಳೂ ಇದ್ದವು ಅನ್ನಿ. ಹುಲ್ಲು ಕತ್ತರಿಸುವವನು ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡಿನ ಗುಂಗಿನಲ್ಲಿ ಯಂತ್ರವನ್ನು ಹೂವಿನ ಮಡಿಗೇ ನುಗ್ಗಿಸಿದ್ದ. ಬೇಲಿ ಸವರುವವನು ಏಣಿಯ ಮೇಲೆ ನಿಂತೇ ಭಾವಮೈದುನನ ಜೊತೆ ಜಗಳ ಆಡುತ್ತಿದ್ದ; ಜಗಳ ಜೋರಾದ ಕಡೆಯೆಲ್ಲ ಬೇಲಿ ತಗ್ಗಾಗಿರುತ್ತಿತ್ತು. ಆದರೆ ಮೇಸ್ತ್ರಿಯ ಕಣ್ಣು ಹೆಚ್ಚು ಕೆಂಪಾಗುತ್ತಿದ್ದದ್ದು ದಾರದಕ್ಕನ ಮೇಲೆ.

ದಾರದಕ್ಕ ಗುಲಾಬಿ ನೋಡಿಕೊಳ್ಳುವ ಹೆಂಗಸು. ಸೊಂಟದ ಚೀಲದಲ್ಲಿ ಸದಾ ಬಣ್ಣಬಣ್ಣದ ದಾರದುಂಡೆಗಳಿರುತ್ತಿದ್ದರಿಂದ ಆ ಹೆಸರು. ಓದು ಬರಹ ಬಾರದು, ಕೈಗುಣ ಮಾತ್ರ ಯಾರಿಗೂ ಇಲ್ಲದ್ದು. ಹತ್ತೊಂಬತ್ತು ವರ್ಷ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡಿದ್ದಳು, ಬಾಯ್ತುಂಬ ಅಣ್ಣ ಎನ್ನುತ್ತಿದ್ದಳು. ಈಚಿನ ಮೂರು ವರ್ಷದಿಂದ ಮಾತ್ರ ಅದೇನೋ, ಒಂದೊಂದು ಕುಂಡದ ಮುಂದೂ ಕುಕ್ಕರಗಾಲಲ್ಲಿ ಕೂತು ಫೋನನ್ನು ಬಾಯಿಗೆ ಹಿಡಿದು ಪಿಸಪಿಸ ಮಾತಾಡುವಳು.

"ಯಾರ ಹತ್ರಾನಮ್ಮ ಅಷ್ಟೊಂದು ಗುಟ್ಟು?" ಎಂದು ಒಮ್ಮೆ ಕೇಳಿದ್ದರು.

"ನನ್ನ ಹತ್ರಾನೇ ಅಣ್ಣ," ಎಂದು ನಕ್ಕಿದ್ದಳು.

ಕೊಂಕು ಮಾತು ಅಂದುಕೊಂಡರು ಮೇಸ್ತ್ರಿ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಕೇಳಲಿಲ್ಲ. ಮರುದಿನವೇ ಹೊಸ ಕಾನೂನು ತಂದರು: ಬೆಳಿಗ್ಗೆ ಬಂದವರು ಫೋನನ್ನು ಸಾಮಾನಿನ ಶೆಡ್ಡಿನ ಮಣ್ಣಿನ ಕುಂಡದಲ್ಲಿ ಹಾಕಬೇಕು, ಚಹಾದ ಹೊತ್ತಿಗೆ ಒಂದು ಸಲ, ಮನೆಗೆ ಹೋಗುವಾಗ ಒಂದು ಸಲ ತೆಗೆದುಕೊಳ್ಳಬಹುದು. ಕುಂಡದ ತಳದ ತೂತಿನಿಂದ ಇರುವೆ ಹತ್ತೀತೆಂದು ಕಡ್ಡಿಯೊಂದನ್ನು ಕೆತ್ತಿ ತಾವೇ ಬಿಗಿಯಾಗಿ ಬಿರಡೆ ಹಾಕಿದರು. ಉದ್ದ ಹಲಗೆಯ ಮೇಲೆ, ಕಡ್ಡಿ ನೆಟ್ಟ ಕುಂಡಗಳ ಸಾಲಿನಲ್ಲಿ ಇದೂ ಒಂದಾಗಿ ಕೂತಿತು.

ಒಂದು ದಿನ ನಾಲ್ಕು ಗಂಟೆಗೆ ಎಲ್ಲರೂ ಫೋನ್ ಎತ್ತಿಕೊಂಡು ಚಹಾಕ್ಕೆ ಹೋದರು. ದಾರದಕ್ಕನಿಗೆ ಕೈತುಂಬ ಕೆಲಸ, ಗುಲಾಬಿ ಬಿಟ್ಟು ಏಳಲೇ ಇಲ್ಲ. ಮೇಸ್ತ್ರಿ ಕಚೇರಿಯಿಂದ ಬಂದವರೇ ಶೆಡ್ಡಿಗೆ ನುಗ್ಗಿದರು. ಕಣ್ಣಲ್ಲಿ ಬಿಸಿಲಿನ ಮಬ್ಬು, ಕಿವಿಯಲ್ಲಿ ಸಾಹೇಬರ ಮಾತು. ಹೋದ ತಿಂಗಳು ಮೇಸ್ತ್ರಿ ಕೊಳದ ನಲ್ಲಿ ನಿಲ್ಲಿಸಲು ಮರೆತಿದ್ದರು. ಅದಕ್ಕೂ ಮುಂಚೆ ಬಿತ್ತಿದ ಮಡಿಗೇ ಮತ್ತೆ ಬಿತ್ತಿದ್ದರು. "ಇನ್ನೊಂದು ಸಲ ಹೀಗಾದ್ರೆ ಮನೇಲಿ ಆರಾಮಾಗಿರಿ ಮೇಸ್ತ್ರಿ," ಎಂದಿದ್ದರು ಸಾಹೇಬರು, ನಗುನಗುತ್ತಲೇ. ಆ ನಗುವನ್ನೇ ಮೆಲುಕು ಹಾಕುತ್ತಾ ಮೇಸ್ತ್ರಿ ಪೈಪು ಹಿಡಿದು ಹಲಗೆಯ ಮೇಲಿನ ಕುಂಡಗಳಿಗೆ ಸಾಲಾಗಿ ನೀರು ಬಿಟ್ಟರು. ಮೂವತ್ತು ವರ್ಷದ ಅಭ್ಯಾಸ, ಕಣ್ಣು ಬೇಕಾಗಿರಲಿಲ್ಲ, ಕೈಗೇ ಗೊತ್ತಿತ್ತು. ಕೊನೆಯ ಕುಂಡ ಮುಗಿಸಿ ಹಿಂತಿರುಗಿದಾಗ ಒಂದೇ ಒಂದು ಕುಂಡದಲ್ಲಿ ನೀರು ಇಂಗದೆ ನಿಂತಿತ್ತು. ತಳದಲ್ಲಿ ದಾರದಕ್ಕನ ಫೋನಿತ್ತು.

ಕೈ ಹಾಕಿ ತೆಗೆಯುವಷ್ಟರಲ್ಲಿ ಎಲ್ಲರೂ ಚಹಾ ಮುಗಿಸಿ ಬಂದೇಬಿಟ್ಟರು, ಹಿಂದೆಯೇ ದಾರದಕ್ಕ. ಅವಳು ಕುಂಡ ನೋಡಿದಳು, ಅಕ್ಕಪಕ್ಕದ ಕುಂಡಗಳನ್ನು ನೋಡಿದಳು, ಆಮೇಲೆ ಮೇಸ್ತ್ರಿಯ ಮುಖ ನೋಡಿದಳು.

"ಇದೇನಣ್ಣ, ಹೇಗಾಯ್ತು?"

ಮರೆತೆ ಎನ್ನಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆರು ಜನ ನಿಂತಿದ್ದರು, ಆರು ಬಾಯಿ. ಸಂಜೆಯೊಳಗೆ ಸಾಹೇಬರಿಗೆ ಮುಟ್ಟುತ್ತದೆ. ಮೇಸ್ತ್ರಿ ಎದೆ ಸೆಟೆಸಿ, "ನಾನೇ ನೀರು ಹಾಕಿದ್ದು. ಇನ್ನಾದ್ರೂ ಕೆಲಸದ ಕಡೆ ಗಮನ ಇಡ್ತೀರಿ," ಎಂದುಬಿಟ್ಟರು.

ದಾರದಕ್ಕ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ಹೊರಗೆ ಹೋದಳು.

ರಿಪೇರಿ ಅಂಗಡಿಯವನು ಬಿಚ್ಚಿ ಒಣಗಿಸಿ, ಇದರ ಕಥೆ ಮುಗಿಯಿತು ಎಂದನಂತೆ. ಅದರೊಳಗೆ ಏನಿತ್ತೆಂದು ಆಮೇಲೆ ಬೇಲಿಯವನು ಹೇಳಿದ. ಉದ್ಯಾನದ ಗುಲಾಬಿಗಳೆಲ್ಲ ನೋಡಲು ಚೆಂದ, ಮೂಸಿದರೆ ಕಾಗದ. ಘಮ ಬರುವ ಗುಲಾಬಿಯೊಂದನ್ನು ಮಾಡಬೇಕೆಂದು ದಾರದಕ್ಕ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಸೋಕಿಸಿ, ಬೀಜದಿಂದ ಅರವತ್ತು ಗಿಡ ಎಬ್ಬಿಸಿದ್ದಳು. ಬರೆಯಲು ಬಾರದ್ದಕ್ಕೆ ಗಿಡಗಳಿಗೆ ಬಣ್ಣದ ದಾರ, ದಾರಕ್ಕೆ ಲೆಕ್ಕದ ಗಂಟು. ಯಾವ ದಾರ, ಎಷ್ಟು ಗಂಟು, ಹೂವು ಹೇಗೆ, ರೋಗ ಬಂತೇ ಇಲ್ಲವೇ ಎನ್ನುವುದೆಲ್ಲ ಫೋನಿನಲ್ಲಿ ಅವಳದೇ ದನಿಯಲ್ಲಿತ್ತು. ಪಿಸಪಿಸ ಎಂದರೆ ಅದು. ಒಂದು ಗಿಡ ಒಂದೇ ಒಂದು ಹೂ ಬಿಟ್ಟು ಘಮ್ಮೆಂದಿತ್ತು. ನೀಲಿ ದಾರದ್ದು ಎಂಬುದಷ್ಟೇ ಅವಳಿಗೆ ನೆನಪು, ಗಂಟು ಎಷ್ಟೋ ತಿಳಿಯದು. ನೀಲಿ ದಾರದವೇ ಹನ್ನೊಂದಿದ್ದವು. ಎಲ್ಲಕ್ಕೂ ಆಗಷ್ಟೇ ಕತ್ತರಿ ಹಾಕಿ, ಎಲ್ಲವೂ ಒಂದೇ ರೀತಿಯ ಬೋಳು ಕಡ್ಡಿಗಳಾಗಿದ್ದವು. ಆರಿಸಿದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತಿಂಗಳೊಳಗೆ ಎಸೆಯಬೇಕೆಂದು ಕಚೇರಿಯ ಆಜ್ಞೆ.

ಮೇಸ್ತ್ರಿ ಆ ರಾತ್ರಿ ಊಟ ಮುಟ್ಟಲಿಲ್ಲ. ಮೂರು ವರ್ಷ ಎದುರಿಗೇ ಕೂತು ಲೆಕ್ಕ ಇಡುತ್ತಿದ್ದವಳನ್ನು ಹರಟೆಮಲ್ಲಿ ಅಂದುಕೊಂಡಿದ್ದರಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡರು. ಮರುದಿನ ಸಾಹೇಬರು ಶೆಡ್ಡಿಗೇ ಬಂದು, "ಶಿಸ್ತು ಅಂದ್ರೆ ಹೀಗಿರಬೇಕು," ಎಂದು ಬೆನ್ನು ತಟ್ಟಿಹೋದರು. ಆಮೇಲೆ ಬಾಯಿಗೆ ಬೀಗ ಬಿತ್ತು. ವಾರ ಕಳೆಯುತ್ತಲೇ ದಾರದಕ್ಕ ವರ್ಗ ಕೇಳಿಕೊಂಡು, ನಗರದ ಆಚೆ ತುದಿಯ ಆಸ್ಪತ್ರೆಯ ತೋಟಕ್ಕೆ ಹೊರಟುಹೋದಳು. ಹೋಗುವಾಗ, "ಬರ್ತೀನಿ ಮೇಸ್ತ್ರಿ," ಎಂದಳು. ಅಣ್ಣ ಎನ್ನಲಿಲ್ಲ.

ತಿಂಗಳ ಕೊನೆಗೆ ಕುಂಡಗಳನ್ನು ಎಸೆದರು. ನೀಲಿ ದಾರದ ಹನ್ನೊಂದನ್ನು ಮೇಸ್ತ್ರಿ ಗೊಬ್ಬರದ ಗುಡ್ಡೆಯ ಹಿಂದೆ ಬಚ್ಚಿಟ್ಟರು. ದಿನಾ ಎಲ್ಲರಿಗಿಂತ ಮೊದಲು ಬಂದು ಕದ್ದು ನೀರು ಹಾಕುವರು. ಒಂದೊಂದೇ ಮೊಗ್ಗೊಡೆದವು. ಮೊದಲನೆಯದನ್ನು ಮೂಸಿದರು, ಏನಿಲ್ಲ. ಐದನೆಯದನ್ನು ಮೂಸಿದರು, ಏನಿಲ್ಲ. ಗುಡ್ಡೆಯ ಮರೆಯಲ್ಲಿ ಗಿಡಗಳಿಗೆ ಮೂಗು ಹಚ್ಚಿ ನಿಂತ ಯಜಮಾನರನ್ನು ಕಂಡು ಹುಲ್ಲಿನವನು, "ಶೀತ ಬಿಡ್ತಾ ಮೇಸ್ತ್ರಿ?" ಎಂದು ಕೇಳಿದ. ಒಂಬತ್ತನೆಯದು ಅರಳಿದ ಬೆಳಿಗ್ಗೆ ಮೂಗು ಹಚ್ಚಬೇಕಾಗಿಯೇ ಬರಲಿಲ್ಲ. ಗೊಬ್ಬರದ ನಾತವನ್ನೂ ದಾಟಿ ಘಮ ಶೆಡ್ಡಿನ ಬಾಗಿಲಿಗೇ ಬಂದಿತ್ತು. ನೀಲಿ ದಾರ, ನಾಲ್ಕು ಗಂಟು.

"ಫೋಟೋ ತೆಗೆದು ಅಕ್ಕಂಗೆ ಕಳಿಸ್ಲಾ?" ಎಂದ ಹುಲ್ಲಿನವನು.

"ಫೋಟೋದಲ್ಲಿ ವಾಸನೆ ಹೋಗುತ್ತೇನಯ್ಯಾ?" ಎಂದರು ಮೇಸ್ತ್ರಿ. ವಾಸನೆಯ ಮಾತು ನೆಪ. ಬೇಲಿಯವನ ಫೋನಿನಿಂದ ಎರಡು ಸಲ ಅವಳಿಗೆ ಕರೆ ಮಾಡಿ, ಅವಳು ಹಲೋ ಎನ್ನುತ್ತಲೇ ಇಟ್ಟುಬಿಟ್ಟಿದ್ದರು.

ಭಾನುವಾರ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಆಸ್ಪತ್ರೆಯ ತೋಟಕ್ಕೆ ಹೋದರು. ದಾರದಕ್ಕ ಗೋಡೆಯ ಪಕ್ಕ ಬಳ್ಳಿ ಕಟ್ಟುತ್ತಿದ್ದಳು. ಮೇಸ್ತ್ರಿ ಕುಂಡ ಮುಂದಿಟ್ಟರು. ಅವಳು ಬಗ್ಗಿ ಮೂಸಿದಳು, ಕಣ್ಣು ಮುಚ್ಚಿದಳು.

"ಇದೇ," ಎಂದಳು.

"ನಾನು ಬೇಕಂತ ಹಾಕ್ಲಿಲ್ಲ ಕಣಮ್ಮ," ಎಂದರು ಮೇಸ್ತ್ರಿ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಅಷ್ಟೇ ಉಳಿದಿತ್ತು. "ಮರೆತುಹೋಯ್ತು. ಕೈ ತಾನಾಗೇ ಹಾಕ್ತು. ಹಾಗಂದ್ರೆ ಕೆಲಸದಿಂದ ಕಳಿಸ್ತಾರೆ ಅಂತ ಹೆದರ್ಕೊಂಡೆ."

"ಗೊತ್ತಿತ್ತು."

"ಯಾವಾಗಿಂದ?"

"ಅವತ್ತೇ. ಸಾಲಿನ ಕುಂಡ ಎಲ್ಲಾ ಒದ್ದೆಯಾಗಿತ್ತಲ್ಲ. ನಮಗೆಲ್ಲ ಏನು ಕಲಿಸಿದ್ರಿ ನೀವು? ಅಂಚಿಗೆ ಎರಡು ಬೆರಳು ಬಿಟ್ಟು ನೀರು ನಿಲ್ಲಿಸಬೇಕು ಅಂತ. ನನ್ನ ಫೋನಿನ ಕುಂಡದಲ್ಲೂ ಎರಡು ಬೆರಳು ಬಿಟ್ಟು ನಿಂತಿತ್ತು. ಸಿಟ್ಟಲ್ಲಿ ಮುಳುಗಿಸೋರು ಅಳತೆ ನೋಡ್ತಾರಾ?"

ಮೇಸ್ತ್ರಿ ತಲೆ ತಗ್ಗಿಸಿದರು.

"ನೀವೇ ಹೇಳ್ಲಿ ಅಂತಾನೇ ಎಲ್ಲರ ಮುಂದೆ ಕೇಳಿದ್ದು. ಹೇಳಿದ್ರೆ ಮುಗೀತಿತ್ತು. ಆಮೇಲೂ ಒಂದು ವಾರ ಕಾದೆ. ಫೋನ್ ಹೋದದ್ದಕ್ಕೆ ಬಿಟ್ಟು ಬರ್ಲಿಲ್ಲ ನಾನು."

ಅವಳು ಚೀಲದಿಂದ ಹೊಸ ಫೋನ್ ತೆಗೆದು ಬಾಯಿಯ ಹತ್ತಿರ ಹಿಡಿದಳು. "ನೀಲಿ ದಾರ, ನಾಲ್ಕು ಗಂಟು. ಘಮ ಇದೆ. ಎಲೇಲಿ ಚುಕ್ಕೆ ಇಲ್ಲ. ತಂದುಕೊಟ್ಟೋರು ಮೇಸ್ತ್ರಿ." ಇಷ್ಟು ಹೇಳಿ ಫೋನ್ ಒಳಗಿಟ್ಟಳು. ಒಂದು ಕ್ಷಣ ಮೇಸ್ತ್ರಿ ಕಾದರು, ಇನ್ನೊಂದು ಮಾತು ಬರಬಹುದೆಂದು.

"ಮತ್ತೆ ಅಲ್ಲಿಗೇ ಬಾರಮ್ಮ. ಸಾಹೇಬರಿಗೆ ನಾನೇ ಎಲ್ಲಾ ಹೇಳ್ತೀನಿ."

"ಹೇಳಿ. ಅವತ್ತು ನಿಂತಿದ್ದರಲ್ಲ, ಅವರಿಗೂ ಹೇಳಿ," ಎಂದಳು. "ನಾನು ಬರಲ್ಲ. ಈ ಗಿಡ ಇಲ್ಲೇ ಇರ್ಲಿ, ರೋಗಿಗಳು ಮೂಸಿ ನೋಡ್ತಾರೆ."

ನೀರು ತಂದು ಕುಂಡಕ್ಕೆ ಹಾಕಿದಳು, ಅಂಚಿಗೆ ಎರಡು ಬೆರಳು ಬಿಟ್ಟು. ಆಮೇಲೆ ಬಳ್ಳಿ ಕಟ್ಟಲು ತಿರುಗಿದಳು. ವಾಪಸ್ ಬರುವ ಬಸ್ಸಿನಲ್ಲಿ ಮೇಸ್ತ್ರಿಯ ಮಡಿಲು ಖಾಲಿಯಿತ್ತು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.