ದಕ್ಷಿಣಾಮೂರ್ತಿಗಳ ಹಸಿರು ದಾರಿ

ಸ್ಫೂರ್ತಿಗೆ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಡಿಸೈನ್ ಇಂಜಿನಿಯರ್ ಕೆಲಸ ಸಿಕ್ಕಿತು. ಸೋಮವಾರವೇ ಸೇರಬೇಕು. ಆ ಖುಷಿಗೆ ದೆಹಲಿಯ ವಸಂತ್ ಕುಂಜಿನ ಮನೆಯಲ್ಲಿ ಅಮ್ಮ ಸರಳಾ ತುಪ್ಪ ಸುರಿದು ಕೇಸರಿಬಾತ್ ಮಾಡಿದರು. ಅಪ್ಪ ದಕ್ಷಿಣಾಮೂರ್ತಿಗಳು ಒಂದು ಚಮಚ ಬಾಯಿಗಿಟ್ಟುಕೊಂಡು, "ಅಷ್ಟು ದೂರ ಹೇಗೆ ಹೋಗ್ತೀಯಮ್ಮ?" ಎಂದು ಕೇಳಿದರು.

"ಬಸ್ಸಲ್ಲಿ, ಅಪ್ಪಾ."

ಕೇಸರಿಬಾತ್ ಗಂಟಲಲ್ಲೇ ನಿಂತಿತು.

ದಕ್ಷಿಣಾಮೂರ್ತಿಗಳು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಮಗಳ ವಿಷಯದಲ್ಲಿ ಮಾತ್ರ ಅವರು ಗಡಿ ಕಾಯುವ ಸಿಪಾಯಿ. ಕಾಲೇಜಿನ ದಿನಗಳಲ್ಲಿ ಅವಳು ಬಸ್ ಹತ್ತಿದರೆ ಒಂದು ಮಿಸ್ಡ್ ಕಾಲ್, ಇಳಿದರೆ ಎರಡು ಕೊಡಬೇಕಿತ್ತು. ಒಮ್ಮೆ ಎರಡನೆಯದು ಬರಲಿಲ್ಲವೆಂದು ನೇರವಾಗಿ ಪ್ರಿನ್ಸಿಪಾಲರಿಗೇ ಫೋನ್ ಮಾಡಿದ್ದರು. ಮಗಳು ಕ್ಯಾಂಟೀನಿನಲ್ಲಿ ಸಮೋಸಾ ತಿನ್ನುತ್ತಿದ್ದಳು.

"ನೋಡಿ ಅಪ್ಪಾ," ಸ್ಫೂರ್ತಿ ಈ ಸಲ ಖಡಾಖಂಡಿತವಾಗಿ ಹೇಳಿದಳು, "ಕಾರ್ಖಾನೆ ಪಕ್ಕದಲ್ಲೇ ನನ್ನ ಫ್ರೆಂಡ್ ಅನನ್ಯಾ ಪೀಜೀಲಿದ್ದಾಳೆ. ಅಲ್ಲೊಂದು ಬೆಡ್ ಖಾಲಿ ಇದೆ. ಸಂಡೇ ಶಾಮ್ ತಕ್ ಹೂಂ ಅಥವಾ ಊಹೂಂ ಹೇಳ್ಬೇಕು. ನೀವು ದಿನಾ ಹೀಗೇ ಟೆನ್ಷನ್ ಮಾಡ್ಕೊಂಡ್ರೆ ನಾನು ಅಲ್ಲೇ ಇದ್ದುಬಿಡ್ತೀನಿ."

ಮಗಳಿಲ್ಲದ ಮನೆ! ದಕ್ಷಿಣಾಮೂರ್ತಿಗಳಿಗೆ ಅದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಭಾನುವಾರ ಸಂಜೆಯೊಳಗೆ, ತಮ್ಮ ಜೀವಕ್ಕೆ ನೆಮ್ಮದಿಯಾಗುವಂಥ ಒಂದು ದಾರಿಯನ್ನು ಅವರು ಹುಡುಕಲೇಬೇಕಾಯಿತು.

ಆ ವರ್ಷವಷ್ಟೇ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಆಕಾಶದಿಂದ ತೆಗೆದ ದೆಹಲಿಯ ನಕ್ಷೆ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಇವರು ಬಾಲ್ಕನಿಯಲ್ಲಿ ರದ್ದಿಗೆ ಕಟ್ಟಿಟ್ಟಿದ್ದ ಪೇಪರುಗಳನ್ನೆಲ್ಲ ಬಿಚ್ಚಿ, ಎಲ್ಲೆಲ್ಲಿ ಏನೇನು ಅನಾಹುತವಾಗಿದೆಯೋ ಅಲ್ಲಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತಾ ಹೋದರು. ಸರ ಕಿತ್ತುಕೊಂಡರೂ ಚುಕ್ಕೆ, ಜೇಬು ಕತ್ತರಿಸಿದರೂ ಚುಕ್ಕೆ. ಮದುವೆಮನೆಯಲ್ಲಿ ಪನೀರ್ ಸಾಲಲಿಲ್ಲವೆಂದು ಬೀಗರು ಕುರ್ಚಿ ಎತ್ತಿದ್ದಕ್ಕೂ ಒಂದು ಚುಕ್ಕೆ ಬಿತ್ತು.

"ವಾರಶೂಲೆನೂ ಹಾಕ್ರೀ," ಎಂದರು ಸರಳಾ. ಯಾವ ವಾರ ಯಾವ ದಿಕ್ಕಿಗೆ ಪ್ರಯಾಣ ಕೂಡದು ಎಂಬುದು ಅವರಿಗೆ ಬಾಯಿಪಾಠ. ಗಂಡ ಅದನ್ನೂ ಹಾಕಿದರು.

ಶನಿವಾರದ ಹೊತ್ತಿಗೆ ದೆಹಲಿ, ದಡಾರ ಎದ್ದ ಮಗುವಿನ ಬೆನ್ನಿನ ಹಾಗೆ ಕಾಣುತ್ತಿತ್ತು. ಅವರ ಸ್ವಂತ ಬ್ಲಾಕಿನ ಮೇಲೂ ಒಂದು ಚುಕ್ಕೆ, ಅವರದೇ ಸ್ಕೂಟರಿನ ಸ್ಟೆಪ್ನಿ ಕಳುವಾದದ್ದಕ್ಕೆ. ಆದರೆ ತುಘಲಕಾಬಾದ್ ಕೋಟೆಯ ಆಚೆ, ಸೂರಜ್‌ಕುಂಡದ ಕಡೆಗೆ ಒಂದು ಜಾಗ ಮಾತ್ರ ಅಪ್ಪಟ ಹಸಿರಾಗಿತ್ತು. ಒಂದು ಕಳ್ಳತನವಿಲ್ಲ, ಒಂದು ಗಲಾಟೆಯಿಲ್ಲ! ನಡುವೆ ತೆಳ್ಳಗೆ ಒಂದು ದಾರಿಯೂ ಇತ್ತು.

"ಸರಳಾ, ಇಷ್ಟು ಸಭ್ಯ ಜನ ಈ ದಿಲ್ಲೀಲಿ ಎಲ್ಲಿದ್ರೇ? ರಿಟೈರಾದ ಜಡ್ಜುಗಳ ಕಾಲೊನಿ ಇರ್ಬೇಕು," ಎಂದು ದಕ್ಷಿಣಾಮೂರ್ತಿಗಳು ಬೀಗಿದರು.

ಭಾನುವಾರ ಬೆಳಿಗ್ಗೆ ಕಲರ್ ಪ್ರಿಂಟುಗಳನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟುಕೊಂಡು, ದಾರಿಯನ್ನು ಖುದ್ದಾಗಿ ಪರೀಕ್ಷಿಸಲು ಅವರು ಒಬ್ಬರೇ ಹೊರಟರು. ಬಸ್ ಇಳಿದು, ಕೋಟೆ ದಾಟಿ, ಹಸಿರಿನೊಳಗೆ ಕಾಲಿಟ್ಟರು. ಜಡ್ಜುಗಳಿರಲಿಲ್ಲ. ಯಾರೂ ಇರಲಿಲ್ಲ. ಎತ್ತ ನೋಡಿದರೂ ಜಾಲಿಮುಳ್ಳು, ಕಲ್ಲು, ಮಣ್ಣಿನ ದಿಬ್ಬ. ಒಂದು ನೀಲಗಾಯ್ ಪೊದೆಯಿಂದ ತಲೆ ಎತ್ತಿ, ಇವನಿಗೇನು ಇಲ್ಲಿ ಕೆಲಸ ಎಂಬಂತೆ ನೋಡಿತು. ಕಳ್ಳತನವಾಗಲು ಕಳ್ಳನೂ ಬೇಕು, ಕಳೆದುಕೊಳ್ಳುವವನೂ ಬೇಕು ಎಂಬುದು ನಮ್ಮ ಸೆಕ್ಷನ್ ಆಫೀಸರಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಕಳ್ಳನೂ ಬಂದ. ದಪ್ಪನೆಯ ಗಡವ ಕೋತಿ. ತಿಂಡಿಯಿರಬೇಕೆಂದುಕೊಂಡು ಫೋಲ್ಡರನ್ನು ಕಿತ್ತುಕೊಂಡು ಮರ ಹತ್ತಿತು. ಹಾಳೆಗಳನ್ನು ಒಂದೊಂದಾಗಿ ತೆಗೆದು, ಮೂಸಿ, ಮೇಲಧಿಕಾರಿಯಂತೆ ಮುಖ ಸಿಂಡರಿಸಿ, ಹರಿದು ಹಾಕಿತು. ದಕ್ಷಿಣಾಮೂರ್ತಿಗಳಿಗೆ ಬಂದ ದಾರಿಯೂ ಮರೆತುಹೋಯಿತು. ಮಾನ ಹೋಗಲಿ, ಜೀವ ಉಳಿಯಲಿ ಎಂದು ಮಗಳಿಗೆ ಫೋನ್ ಮಾಡಿದರು. ಮಿಸ್ಡ್ ಕಾಲ್ ಅಲ್ಲ, ಪೂರ್ತಿ ಕಾಲ್.

"ಅರೇ, ನೀವು ಜಂಗಲ್‌ನಲ್ಲಿದ್ದೀರಾ?" ಸ್ಫೂರ್ತಿ ಕಿರುಚಿದಳು. "ಅಚ್ಛಾ, ಹೆದರ್ಕೋಬೇಡಿ. ಕಣ್ಮುಚ್ಚಿ ನಿಂತ್ಕೊಳ್ಳಿ. ಹಾರ್ನ್ ಯಾವ ಕಡೆ ಕೇಳ್ತಿದೆ?"

"ಎಡಗಡೆ."

"ಚಲೋ, ಎಡಗಡೆ ನಡೀರಿ. ರೋಡ್ ಸಿಕ್ಕಿದ್ರೆ ಹೆಂಗಸರು ಎಲ್ಲಿ ನಿಂತಿದ್ದಾರೆ ನೋಡಿ, ಅವರ ಪಕ್ಕದಲ್ಲೇ ನಿಂತಿರಿ. ಖಾಲಿ ಆಟೋ ಬಂದ್ರೆ ಹತ್ತಬೇಡಿ. ನಾನು ಬರ್ತಿದ್ದೀನಿ."

ಮುಳ್ಳಿಗೆ ಪ್ಯಾಂಟು ಹರಿಸಿಕೊಂಡು ಅವರು ಹೊರಬಿದ್ದದ್ದು ಬದರ್‌ಪುರದ ರಸ್ತೆಗೆ, ತಾವೇ ಅತಿ ಹೆಚ್ಚು ಚುಕ್ಕೆ ಇಟ್ಟಿದ್ದ ಜಾಗಕ್ಕೆ. ಲಾರಿ, ಹೊಗೆ, ಛೋಲೆ ಕುಲ್ಚೆಯ ಗಾಡಿ, ಬೈದಾಟ, ಜನವೋ ಜನ. ದಕ್ಷಿಣಾಮೂರ್ತಿಗಳಿಗೆ ಎಲ್ಲರನ್ನೂ ತಬ್ಬಿಕೊಳ್ಳಬೇಕೆನ್ನಿಸಿತು. ಮಗಳಿಗೆ ಜಾಗದ ಹೆಸರು ಹೇಳಿ, ಬಸ್ ಸ್ಟಾಪಿನಲ್ಲಿ ತರಕಾರಿ ಚೀಲ ಹಿಡಿದ ಹೆಂಗಸರ ಗುಂಪಿನಲ್ಲಿ ಹೋಗಿ ನಿಂತರು. ಅವರಲ್ಲೊಬ್ಬಾಕೆ ಮರುಕದಿಂದ ಮೂಲಂಗಿ ಕೊಟ್ಟಳು.

ಬಹಳ ಹೊತ್ತಿನ ಮೇಲೆ ಸ್ಫೂರ್ತಿ ಬಸ್ಸಿಳಿದು ಬಂದಳು. ಅಪ್ಪನ ಪ್ಯಾಂಟು ನೋಡಿ ನಗು ತಡೆದುಕೊಂಡಳು.

"ಇದನ್ನೆಲ್ಲಾ ನಿನಗೆ ಯಾರಮ್ಮಾ ಹೇಳ್ಕೊಟ್ಟಿದ್ದು? ಹೆಂಗಸರ ಪಕ್ಕ ನಿಲ್ಲೋದು, ಖಾಲಿ ಆಟೋ ಹತ್ತದೇ ಇರೋದು?"

"ಯಾರೂ ಇಲ್ಲ ಅಪ್ಪಾ. ಸ್ಕೂಲ್ ದಿನಗಳಿಂದ್ಲೂ ನಾನು ಹಾಗೇ ಓಡಾಡ್ತಿರೋದು."

ಮಗಳನ್ನು ಕಾಯುತ್ತಿದ್ದವನು ತಾನೆಂದು ಇಷ್ಟು ವರ್ಷ ಜಂಬಪಟ್ಟಿದ್ದರು. ಆದರೆ ಅವಳು ತನ್ನನ್ನು ತಾನೇ ಕಾದುಕೊಂಡಿದ್ದಳು. ಹೇಗೆಂದು ತಾವು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಬರೋವಾಗ ಪಶ್ಚಿಮ ದಿಕ್ಕು. ಭಾನುವಾರ ಶೂಲೆ. ಅದಕ್ಕೇ ಹೀಗಾಯ್ತು," ಎಂದು ಸರಳಾ ಮನೆಯಲ್ಲಿ ತೀರ್ಪು ಕೊಟ್ಟು ಮುಳ್ಳು ಕಿತ್ತರು.

ಸಂಜೆ ಅನನ್ಯಾಳ ಫೋನ್ ಬಂತು. ಮೊದಲು ಬಾಯಿಬಿಟ್ಟವರು ದಕ್ಷಿಣಾಮೂರ್ತಿಗಳೇ.

"ಹೂಂ ಅಂದುಬಿಡಮ್ಮ. ನನ್ನ ಕಾಟ ತಪ್ಪುತ್ತೆ. ನಿನ್ನ ದಾರಿ ನಿನಗೆ ಗೊತ್ತು."

ಸ್ಫೂರ್ತಿ ಅಪ್ಪನ ಮುಖವನ್ನೂ, ಅವರ ಕಾಲಿನ ಅರಿಸಿನದ ಪಟ್ಟಿಯನ್ನೂ ನೋಡಿದಳು.

"ಬೆಡ್ ಬೇಡ ಯಾರ್," ಎಂದಳು ಫೋನಿಗೆ. "ನಮ್ಮಪ್ಪನ್ನ ಬಿಟ್ಟು ಬರೋದು ಸೇಫ್ ಅಲ್ಲ."

ಫೋನ್ ಇಟ್ಟು ಅಪ್ಪನ ಕಡೆ ಬೆರಳು ತೋರಿಸಿದಳು. "ನಾಳೆ ಆಫೀಸಿಗೆ ಹೋಗ್ತಾ ಬಸ್ ಹತ್ತಿದ್ರೆ ಒಂದು ಮಿಸ್ಡ್ ಕಾಲ್, ಇಳಿದ್ರೆ ಎರಡು. ಸಮಝೇ?"

ಮರುದಿನ ದಕ್ಷಿಣಾಮೂರ್ತಿಗಳು ತಪ್ಪದೆ ಮೂರನ್ನೂ ಕೊಟ್ಟರು.